ಪೇಟಿಯ ನಾಲಗೆ ತಿದ್ದಿದ ಚರಿತ್ರೆ

ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆಯೆಂದರೆ ನಮ್ಮ ಸೀಮೆಯ ಮಕ್ಕಳಿಗೆ ವರುಷದ ದೊಡ್ಡ ಪೇಟೆ. ಕೆಲವು ವರುಷಗಳ ಹಿಂದೆ ಆ ಜಾತ್ರೆಯಲ್ಲಿ ನಮ್ಮ ಮನೆಯ ಹುಡುಗನೊಬ್ಬನು ಹಟಹಿಡಿದು ಒಂದು ಮೌತ್ ಆರ್ಗನ್ನನ್ನು ಕೊಂಡುಕೊಂಡನು. ಹೊರಗೆ ಕನ್ನಡಿಯಂತೆ ಹೊಳೆಯುವ ತಗಡು. ಒಳಗೆ ಹತ್ತು ಗೂಡುಗಳು. ಊದಿದರೆ ಒಂದು, ಉಸಿರೆಳೆದರೆ ಇನ್ನೊಂದರಂತೆ ಇಪ್ಪತ್ತು ನಾಲಗೆಗಳು. ಮನೆಗೆ ತಂದು ಬಾಯಿಗಿಟ್ಟುಕೊಂಡಾಗ ಹುಡುಗನ ಮುಖವು ಬಾಡಿತು. ಎರಡು ಗೂಡುಗಳು ಮೂಕವಾಗಿದ್ದುವು. ಒಂದು ಗೂಡು ಕಣಜದ ಹುಳದಂತೆ ಗುಂಯ್ಗುಟ್ಟುತ್ತಿದ್ದಿತು. ಮಿಕ್ಕವುಗಳಿಗೆ ಎಷ್ಟು ಉಸಿರು ಕೊಟ್ಟರೂ ಸಾಲದು. ಕೊಟ್ಟ ಹಣ ಹೋಯಿತೆಂದು ನಾವು ಅದನ್ನು ಮಾಡದೊಳಗಿಟ್ಟು ಮರೆತೆವು.

ಒಂದು ದಿನ ನೆರೆಮನೆಯ ಹಿರಿಯರೊಬ್ಬರು ಬಂದಿದ್ದರು. ಊರ ಭಜನೆಯಲ್ಲಿ ನಲವತ್ತು ವರುಷ ಪೇಟಿ ನುಡಿಸಿದವರು. ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿಯೆಂದೇ ಹೆಸರು. ವಾಚಕರಿಗೆ ಇದನ್ನು ಹೇಳಬೇಕಾಗಿಲ್ಲ. ಆ ಹಿರಿಯರು ಹುಡುಗನ ಆಟದ ಸಾಮಾನನ್ನು ಕೈಗೆ ತೆಗೆದುಕೊಂಡು, ತಿರುಪುಗಳನ್ನು ಬಿಚ್ಚಿ, ತಗಡನ್ನೆತ್ತಿ ನೋಡಿದರು. "ಇದು ನಮ್ಮ ಪೇಟಿ ಮರೀನೇ ಅದ, ನೋಡ್ರಿ. ಒಳಗ ನಾಲಗಿ ಅದಾವ" ಎಂದರು. ಅಂದಿನ ಸಂಜೆಯೆಲ್ಲ ನಾವು ಅವರ ಕೈಕೆಳಗಿನ ಕೂಲಿಗಳಾದೆವು. ಎರಡು ಹಿತ್ತಾಳೆಯ ಫಲಕಗಳ ನಡುವಣ ಮರದ ಚೌಕಟ್ಟು ಸಮತಲವಾಗಿಲ್ಲದುದರಿಂದ ಗಾಳಿ ಸೋರುತ್ತಿದ್ದಿತು. ಗಾಜಿನ ಮೇಲೆ ಮರಳುಕಾಗದವನ್ನು ಹಾಸಿ, ಅದರ ಮೇಲೆ ಚೌಕಟ್ಟನ್ನು ಮೆಲ್ಲಗೆ ತೀಡಿ ಮಟ್ಟ ಮಾಡಿದೆವು. ಗುಂಯ್ಗುಟ್ಟುವ ನಾಲಗೆಯು ತನ್ನ ಸೀಳಿನ ನಡುವೆ ನಿಲ್ಲದೆ ಒಂದು ಅಂಚಿಗೆ ತಾಗುತ್ತಿದ್ದಿತು. ಅದನ್ನು ಕೂದಲೆಳೆಯಷ್ಟು ಸರಿಸಿದರೆ ಸಾಕಾಯಿತು. ಮೂಕವಾದ ನಾಲಗೆಗಳು ಫಲಕಕ್ಕೆ ತೀರ ಅಂಟಿಕೊಂಡಿದ್ದುವು. ಉಸಿರು ತಾಗಿದೊಡನೆ ಸೀಳನ್ನು ಮುಚ್ಚಿ ನಿಂತುಬಿಡುತ್ತಿದ್ದುವು. ಉಸಿರನ್ನು ಸುಮ್ಮನೆ ಕುಡಿಯುವ ನಾಲಗೆಗಳು ಇದಕ್ಕೆ ವಿರುದ್ಧವಾಗಿ ತೀರ ಮೇಲಕ್ಕೆದ್ದಿದ್ದುವು. ಒಂದು ಸೂಜಿ, ಒಂದು ತೆಳ್ಳನೆಯ ಕಾಗದದ ಚೂರು, ಬೇಕಾದಷ್ಟು ತಾಳ್ಮೆ, ಇವುಗಳಿಂದ ಇಪ್ಪತ್ತು ನಾಲಗೆಗಳೂ ಮಾತನಾಡಲಾರಂಭಿಸಿದುವು. ಉಳಿದುದು ಶ್ರುತಿಯ ತಿದ್ದುಪಾಟು. ಅದರ ಕೊನೆ ಹೇಗಾಯಿತೆಂಬುದನ್ನು ಲೇಖನದ ಕೊನೆಯಲ್ಲಿ ಅರಿಕೆ ಮಾಡುವೆವು.

ಈ ಸಣ್ಣ ಕೆಲಸವು ನಮ್ಮನ್ನು ಒಂದು ದೊಡ್ಡ ವಿಚಾರಕ್ಕೆ ಎಳೆದೊಯ್ದಿತು. ಅಂಗಡಿಯಿಂದ ತಂದ ಪರದೇಶದ ಬಾಜಾವು ನಿರಾಶೆಗೊಳಿಸಿದಾಗ ಅದನ್ನು ಮನೆಯಲ್ಲಿಯೇ ಬಿಚ್ಚಿ ತಿದ್ದಿಕೊಂಡ ಕಥೆಯು ನಮ್ಮ ಮನೆಯೊಂದರದೇ ಅಲ್ಲ. ಭರತಖಂಡದ ಸಂಗೀತವೇ ಸುಮಾರು ನೂರೈವತ್ತು ವರುಷಗಳಿಂದ ಇದೇ ಕೆಲಸದಲ್ಲಿ ತೊಡಗಿರುವುದು. ಈ ತಿದ್ದುಪಾಟಿನ ಒರೆಗಲ್ಲಾದ ಶ್ರುತಿವಿಚಾರಕ್ಕೆ ನಮ್ಮ ಕಲ್ಯಾಣವು ತವರುಮನೆಗಳಲ್ಲೊಂದು. ತಿದ್ದಿದ ಪೇಟಿಯು ದಿನವೂ ನುಡಿಯುವ ಭಜನೆಯ ಸೀಮೆಗೆ ಹುಮನಾಬಾದಿನ ಮಾಣಿಕನಗರವು ಕಳಶವಿದ್ದಂತೆ. ಪರದೇಶದ ಪೇಟಿಯು ತಿದ್ದಿಸಿಕೊಳ್ಳುತ್ತ ತಿದ್ದಿಸಿಕೊಳ್ಳುತ್ತಲೇ ನಮ್ಮದಾಯಿತೆಂದೂ, ಆ ತಿದ್ದುಪಾಟಿನ ಬಹುಭಾಗವು ಹೆಸರು ಬರೆದಿಡದ ಕೈಗಳಿಂದ ನಡೆಯಿತೆಂದೂ ನಮ್ಮ ಅಭಿಪ್ರಾಯ.

ಮೊದಲು ಈ ವಾದ್ಯದ ಕುಲವನ್ನು ತಿಳಿಯೋಣ. ಒಂದು ಲೋಹದ ಫಲಕದಲ್ಲಿ ಉದ್ದನೆಯ ಸೀಳು. ಆ ಸೀಳಿನ ಮೇಲೆ ಒಂದು ತುದಿಯನ್ನು ಬಂಧಿಸಿ ಇನ್ನೊಂದು ತುದಿಯನ್ನು ಸ್ವತಂತ್ರವಾಗಿ ಬಿಟ್ಟ ತೆಳ್ಳನೆಯ ನಾಲಗೆ. ಗಾಳಿ ಹಾಯುವಾಗ ನಾಲಗೆಯು ಸೀಳಿನೊಳಗೆ ಹೋಗಿ ಬಂದು ನಡುಗುವುದು; ಆ ನಡುಕವೇ ಸ್ವರ. ಪೇಟಿಯವರು ಇದನ್ನು ರೀಡು ಎನ್ನುವರು. ಶಹನಾಯಿಯ ಓಲೆಯಂತೆ ಇದಕ್ಕೆ ಕೊಳವಿಯ ಹಂಗಿಲ್ಲ. ಸ್ವರದ ಏರಿಳಿತವೆಲ್ಲ ನಾಲಗೆಯ ಉದ್ದ, ದಪ್ಪ, ತೂಕಗಳನ್ನೇ ಅವಲಂಬಿಸಿರುವುದು. ಚೀನದೇಶದ ಶಂಗ್ ಎಂಬ ಬಾಯಿವಾದ್ಯದಲ್ಲಿ ಈ ಉಪಾಯವು ಬಹು ಪ್ರಾಚೀನಕಾಲದಿಂದ ಬಳಕೆಯಲ್ಲಿದ್ದಿತು. ಯೂರೋಪಿನವರು 18 ಮತ್ತು 19ನೆಯ ಶತಮಾನಗಳಲ್ಲಿ ಇದನ್ನು ಹಿಡಿದು ನಾನಾವಿಧದ ಬಾಜಾಗಳನ್ನು ಕಟ್ಟಿದರು. 1829ರಲ್ಲಿ ವಿಯೆನ್ನಾ ನಗರದಲ್ಲಿ ಅಕಾರ್ಡಿಯನ್ನಿಗೆ ಹಕ್ಕುಪತ್ರ ದೊರೆಯಿತು; 1842ರಲ್ಲಿ ಪ್ಯಾರಿಸಿನ ಅಲೆಕ್ಸಾಂಡ್ರ್ ದೆಬೈನನು ಹಾರ್ಮೋನಿಯಮ್ಮೆಂಬ ಹೆಸರಿನಿಂದ ತನ್ನ ಪೆಟ್ಟಿಗೆಗೆ ಹಕ್ಕುಪತ್ರ ಪಡೆದನು; 1857ರಲ್ಲಿ ಜರ್ಮನಿಯ ಟ್ರೊಸ್ಸಿಂಗೆನ್ ಎಂಬ ಊರಿನಲ್ಲಿ ಮತಿಯಾಸ್ ಹೋನರನು ಮೌತ್ ಆರ್ಗನ್ನುಗಳ ಕಾರ್ಖಾನೆಯನ್ನು ತೆರೆದನು. ಇವೆಲ್ಲವೂ ಅಣ್ಣತಮ್ಮಂದಿರು. ನಮ್ಮ ಹಿರಿಯರು ಹುಡುಗನ ಆಟದ ಸಾಮಾನನ್ನು ಪೇಟಿಯ ಮರಿಯೆಂದು ಕರೆದುದು ಶಾಸ್ತ್ರಕ್ಕೂ ಒಪ್ಪುವ ಮಾತು.

ಪಾದ್ರಿಗಳೊಡನೆಯೂ ಇಂಗ್ಲೀಷ್ ಅಧಿಕಾರಿಗಳೊಡನೆಯೂ ಹಾರ್ಮೋನಿಯಮ್ಮು ನಮ್ಮ ದೇಶಕ್ಕೆ ಬಂದಿತು. ಬಂದಾಗ ಅದು ಮೇಜಿನಷ್ಟು ಎತ್ತರದ ಪೆಟ್ಟಿಗೆ; ಕುರ್ಚಿಯ ಮೇಲೆ ಕುಳಿತು ಎರಡು ಕಾಲುಗಳಿಂದಲೂ ತಿದಿಯನ್ನು ತುಳಿಯಬೇಕು; ಎರಡು ಕೈಗಳಿಂದಲೂ ಪಟ್ಟಿಗಳನ್ನೊತ್ತಬೇಕು. ನೆಲದ ಮೇಲೆ ಜಮಖಾನೆ ಹಾಸಿ ಕುಳಿತು ಹಾಡುವ ಜನಕ್ಕೆ ಇದು ಹೇಗೆ ಹೊಂದೀತು? ಈ ದೋಷವನ್ನು ತಿದ್ದಿದವರಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರ ಹೆಸರು ಮುಖ್ಯವಾದುದು. ಇವರು 1875ರಲ್ಲಿ ಸ್ಥಾಪಿಸಿದ ದ್ವಾರ್ಕಿನ್ ಅಂಗಡಿಯಿಂದ ಆ ಶತಮಾನ ಮುಗಿಯುವುದರೊಳಗಾಗಿ ಕೈಪೇಟಿಯು ಪ್ರಚಾರಕ್ಕೆ ಬಂದಿತು. ಕಾಲುಗಳನ್ನು ಕಳಚಿ, ತಿದಿಯನ್ನು ಪೆಟ್ಟಿಗೆಯ ಹಿಂಬದಿಗೆ ತಂದು, ಒಂದು ಕೈಯಿಂದ ಗಾಳಿಯನ್ನೊತ್ತಿ ಇನ್ನೊಂದು ಕೈಯಿಂದ ನುಡಿಸುವಂತೆ ಮಾಡಿದರು. ಯೂರೋಪಿನವರಿಗೆ ಎರಡು ಕೈಗಳೂ ಬೇಕಾಗಿದ್ದುದು ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದಕ್ಕಾಗಿ. ನಮ್ಮಲ್ಲಿ ಒಂದು ಸ್ವರದ ಬೆನ್ನಿಗೆ ಇನ್ನೊಂದು ಬರುವುದರಿಂದ ಒಂದೇ ಕೈ ಸಾಕು. ಷಡ್ಜಪಂಚಮಗಳನ್ನು ಹಿಡಿದು ನಿಲ್ಲಿಸುವ ಗುಂಡಿಗಳನ್ನೂ ಮುಂದೆ ಸೇರಿಸಿ, ತಂಬೂರಿಯ ಕೆಲಸವನ್ನೂ ಅಷ್ಟಿಷ್ಟು ಅದರಿಂದಲೇ ಮಾಡಿಸಿಕೊಂಡರು. ಹೀಗೆ ಪೇಟಿಯ ಶರೀರವು ನಮ್ಮ ಕುಳಿತುಕೊಳ್ಳುವ ರೀತಿಗೆ ಒಗ್ಗಿತು. ಇದು ಮೊದಲನೆಯ ತಿದ್ದುಪಾಟು.

ಶರೀರವು ಒಗ್ಗಿದರೂ ನಾಲಗೆಯು ಒಗ್ಗಲಿಲ್ಲ. ಇದೇಕೆಂಬುದನ್ನು ತಿಳಿಯಲು ನಾವು ಬೇರೆಲ್ಲಿಗೂ ಹೋಗದೆ ನಮ್ಮ ಕಲ್ಯಾಣಕ್ಕೇ ಬರೋಣ. ಚಾಲುಕ್ಯರ ರಾಜಧಾನಿಯಾಗಿದ್ದ ಈ ಊರಿನಲ್ಲಿ 12ನೆಯ ಶತಮಾನದ ಪೂರ್ವಾರ್ಧದಲ್ಲಿ ತಂದೆಮಕ್ಕಳಿಬ್ಬರು ಚಕ್ರವರ್ತಿಗಳು ಸಂಗೀತವನ್ನು ಕುರಿತು ಬರೆದರು. ತಂದೆಯಾದ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ಮಾನಸೋಲ್ಲಾಸದ ನೂರು ಅಧ್ಯಾಯಗಳಲ್ಲಿ ಗೀತವಿನೋದ, ವಾದ್ಯವಿನೋದ, ನೃತ್ಯವಿನೋದಗಳೂ ಸೇರಿವೆ. ಮಗನಾದ ಇಮ್ಮಡಿ ಜಗದೇಕಮಲ್ಲನು ಸಂಗೀತಚೂಡಾಮಣಿಯನ್ನು ಬರೆದನು. ಮುಂದಿನ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿ ಸಂಗೀತರತ್ನಾಕರವನ್ನು ಬರೆದ ಶಾರ್ಙ್ಗದೇವನು ತನ್ನ ಪೂರ್ವಾಚಾರ್ಯರ ಪಟ್ಟಿಯಲ್ಲಿ ಈ ಇಬ್ಬರನ್ನೂ ಹೆಸರಿಸಿರುವನು. ಕಲ್ಯಾಣದ ವಿದ್ಯೆಯು ದೇವಗಿರಿಗೆ ಮುಟ್ಟಿತ್ತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆ ಶಾರ್ಙ್ಗದೇವನು ವರ್ಣಿಸಿದ ಒಂದು ಪ್ರಯೋಗವು ನಮ್ಮ ವಿಷಯಕ್ಕೆ ಬಹಳ ಹತ್ತಿರವಾದುದು. ಇಪ್ಪತ್ತೆರಡು ತಂತಿಗಳ ಎರಡು ವೀಣೆಗಳನ್ನು ಒಂದೇ ಶ್ರುತಿಗೆ ಕೂಡಿಸಬೇಕು. ಒಂದು ಧ್ರುವವೀಣೆ, ಅದನ್ನು ಮುಟ್ಟಬಾರದು. ಇನ್ನೊಂದು ಚಲವೀಣೆ, ಅದರ ತಂತಿಗಳನ್ನು ಒಂದೊಂದು ಶ್ರುತಿಯಂತೆ ಇಳಿಸುತ್ತ ಹೋಗಬೇಕು. ಎರಡನೆಯ ಇಳಿಕೆಯಲ್ಲಿ ಚಲವೀಣೆಯ ಗಾಂಧಾರ ನಿಷಾದಗಳು ಧ್ರುವವೀಣೆಯ ಋಷಭ ಧೈವತಗಳಲ್ಲಿ ಲೀನವಾಗುವುವು. ಮೂರನೆಯದರಲ್ಲಿ ಋಷಭ ಧೈವತಗಳು ಷಡ್ಜ ಪಂಚಮಗಳಲ್ಲಿಯೂ, ನಾಲ್ಕನೆಯದರಲ್ಲಿ ಷಡ್ಜ ಮಧ್ಯಮ ಪಂಚಮಗಳು ತಮ್ಮ ಕೆಳಗಿನ ಸ್ವರಗಳಲ್ಲಿಯೂ ಲೀನವಾಗುವುವು. ಸ್ವರಗಳ ನಡುವಣ ಅಂತರಗಳು ಒಂದೇ ಸಮನಾಗಿಲ್ಲ. ನಾಲ್ಕು, ಮೂರು, ಎರಡು, ನಾಲ್ಕು, ನಾಲ್ಕು, ಮೂರು, ಎರಡು ಎಂಬ ಶ್ರುತಿಗಳ ಲೆಕ್ಕದಿಂದ ನಡೆಯುವುವೆಂದು ಕಿವಿಗೇ ತೋರಿಸಿಕೊಡುವ ಪ್ರಯೋಗವಿದು. ಒಂದು ವಾದ್ಯವನ್ನು ಹಾಗೆಯೇ ಇಟ್ಟು ಇನ್ನೊಂದನ್ನು ಅದರ ಪಕ್ಕದಲ್ಲಿ ತಿದ್ದುತ್ತ ಕಿವಿಯನ್ನು ಪ್ರಮಾಣವಾಗಿಟ್ಟುಕೊಳ್ಳುವ ಈ ಕ್ರಮವನ್ನು ವಾಚಕರು ನೆನಪಿನಲ್ಲಿಡಬೇಕು. ಇದು ಮುಂದೆ ಮತ್ತೆ ಬರುವುದು.

ಪೇಟಿಯಲ್ಲಿಯಾದರೋ ಒಂದು ಸಪ್ತಕವನ್ನು ಹನ್ನೆರಡು ಸರಿಸಮವಾದ ಪಾಲುಗಳಾಗಿ ಕತ್ತರಿಸಿರುವರು. ಲೆಕ್ಕವು ಸುಲಭವಾಗಲೆಂದು ಷಡ್ಜಕ್ಕೆ ಸೆಕೆಂಡಿಗೆ 240 ಕಂಪನಗಳೆಂದು ಹಿಡಿಯೋಣ. ತಂಬೂರಿಯೊಡನೆ ಹಾಡುವ ಗಾಯಕನ ಶುದ್ಧ ಗಾಂಧಾರವು 300ಕ್ಕೆ ನಿಲ್ಲುವುದು. ಪೇಟಿಯ ಗಾಂಧಾರವು 302.4. ಶುದ್ಧ ಧೈವತವು 400, ಪೇಟಿಯದು 403.6. ಶುದ್ಧ ನಿಷಾದವು 450, ಪೇಟಿಯದು 453.1. ಕೋಮಲ ಗಾಂಧಾರವು 288 ಇರಬೇಕಾದಲ್ಲಿ ಪೇಟಿಯು 285.4ಕ್ಕೆ ಕುಗ್ಗಿರುವುದು. ಪಂಚಮವೊಂದು ಮಾತ್ರ 360ಕ್ಕೆ 359.6 ಆಗಿ ಬಹುಮಟ್ಟಿಗೆ ಪಾರಾಗಿರುವುದು. ಎರಡು ಮೂರು ಕಂಪನಗಳೇನು ಮಹಾ ಎಂದು ಕೇಳಬಹುದು. ಷಡ್ಜವನ್ನೂ ಗಾಂಧಾರವನ್ನೂ ಕೂಡಿ ಹಿಡಿದರೆ ಆ ಸಣ್ಣ ಅಂತರವು ಸೆಕೆಂಡಿಗೆ ಒಂಬತ್ತು ಹತ್ತು ಸಲ ಅಲೆಅಲೆಯಾಗಿ ಕಿವಿಗೆ ಬಡಿಯುವುದು. ಶುದ್ಧವಾಗಿದ್ದರೆ ಎರಡೂ ಸ್ವರಗಳು ಹಾಲುಜೇನುಗಳಂತೆ ಕೂಡಿ ಅಲೆಯು ಅಡಗುವುದು. ಪೇಟಿಯ ಮುಂದೆ ಕುಳಿತ ಗಾಯಕನಿಗಾಗುವ ಬೇಸರದ ಮೂಲವಿದು.

ಯೂರೋಪಿನವರು ಇದನ್ನು ಅರಿಯದೆ ಮಾಡಿದರೆಂದಲ್ಲ. ಯಾವ ಪಟ್ಟಿಯನ್ನು ಬೇಕಾದರೂ ಷಡ್ಜವಾಗಿಟ್ಟುಕೊಂಡು ನುಡಿಸಬೇಕಾದರೆ ಎಲ್ಲ ಸ್ವರಗಳೂ ಸ್ವಲ್ಪ ಸ್ವಲ್ಪ ಕೆಟ್ಟಿರಬೇಕು. ಇಲ್ಲವಾದರೆ ಒಂದು ಷಡ್ಜವು ಸ್ವರ್ಗವಾಗಿ ಇನ್ನೊಂದು ನರಕವಾದೀತು. ಅವರದು ತೂಗಿ ನೋಡಿ ಮಾಡಿಕೊಂಡ ರಾಜಿ. ಆದರೆ ಅದೇ ಕುಲದ ಬಡತಮ್ಮನಾದ ಮೌತ್ ಆರ್ಗನ್ನಿನಲ್ಲಿ ಅವರೂ ಈ ರಾಜಿಯನ್ನು ಬಹುಕಾಲ ಒಪ್ಪಲಿಲ್ಲ. ಹೋನರ್ ಕಾರ್ಖಾನೆಯವರು 1896ರಲ್ಲಿ ಹೊರತಂದ ಮರೀನ್ ಬ್ಯಾಂಡ್ ಎಂಬ ಪ್ರಸಿದ್ಧವಾದ ಮೌತ್ ಆರ್ಗನ್ನಿನ ನಾಲಗೆಗಳನ್ನು ಬಹುವರ್ಷಗಳವರೆಗೆ ಶುದ್ಧಾಂತರಗಳಿಗೇ ಕೂಡಿಸುತ್ತಿದ್ದರು. ಒಂದು ಬಾಜಾಕ್ಕೆ ಒಂದೇ ಷಡ್ಜವಾದುದರಿಂದ ಅಲ್ಲಿ ರಾಜಿಯ ಅಗತ್ಯವಿರಲಿಲ್ಲ. ನಮ್ಮ ಗಾಯಕನಿಗೂ ಒಂದು ಕಚೇರಿಗೆ ಒಂದೇ ಷಡ್ಜ. ಹೀಗಿರಲು ಪೇಟಿಯ ನಾಲಗೆಯನ್ನು ಅವನ ಷಡ್ಜಕ್ಕೆ ತಕ್ಕಂತೆ ತಿದ್ದಬಾರದೇಕೆ?

ಈ ಪ್ರಶ್ನೆಯನ್ನು ಮೊದಲು ಪುಸ್ತಕರೂಪವಾಗಿ ಎತ್ತಿದವರಲ್ಲಿ ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲರು ಅಗ್ರಗಣ್ಯರು. ಇವರು 1910ರಲ್ಲಿ ಹಿಂದೂ ಸ್ವರಸಪ್ತಕವನ್ನೂ ಇಪ್ಪತ್ತೆರಡು ಶ್ರುತಿಗಳನ್ನೂ ಕುರಿತು ಇಂಗ್ಲೀಷಿನಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಶ್ರುತಿಗಳನ್ನು ಅಳೆಯುವ ಕಾರ್ಯದಲ್ಲಿ ಇವರಿಗೆ ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನರ ಕಂಠವು ನೆರವಾಯಿತು. ಕುಂದಗೋಳದ ಸವಾಯಿ ಗಂಧರ್ವರ ಗುರುಗಳೆಂದು ಕನ್ನಡಿಗರಿಗೆ ಪೂಜ್ಯರಾದವರು ಈ ಖಾನ್‌ಸಾಹೇಬರೇ. ಐ.ಸಿ.ಎಸ್. ಅಧಿಕಾರಿಯಾಗಿದ್ದ ಅರ್ನೆಸ್ಟ್ ಕ್ಲೆಮೆಂಟ್ಸನೂ ದೇವಲರೊಡನೆ ಸೇರಿದನು. ಇವರ ಲೆಕ್ಕದ ಪ್ರಕಾರ ಶ್ರುತಿಹಾರ್ಮೋನಿಯಮ್ಮೊಂದು ಲಂಡನ್ನಿನಲ್ಲಿ ಸಿದ್ಧವಾಯಿತು. 1916ರಲ್ಲಿ ಬರೋಡೆಯಲ್ಲಿ ಕೂಡಿದ ಪ್ರಥಮ ಅಖಿಲ ಭಾರತ ಸಂಗೀತ ಪರಿಷತ್ತಿನಲ್ಲಿ ಅದನ್ನು ವಿದ್ವಾಂಸರ ಮುಂದಿಟ್ಟರು. ಚರ್ಚೆಯು ಬಿಸಿಯೇರಿತು, ಭಾತಖಂಡೆಯವರು ಮೊದಲಾದವರು ವಿರೋಧಿಸಿದರು, ಪೇಟಿಗೆ ಒಪ್ಪಿಗೆ ದೊರೆಯಲಿಲ್ಲ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಗಾಯಕನ ಗಾಂಧಾರವು ಎಲ್ಲ ರಾಗಗಳಲ್ಲಿಯೂ ಒಂದೇ ಮನೆಯಲ್ಲಿ ವಾಸಿಸುವುದಿಲ್ಲ. ದರಬಾರಿಯ ಗಾಂಧಾರವು ತೂಗಾಡುವುದು. ಅದನ್ನು ಇಪ್ಪತ್ತೆರಡು ಮೊಳೆಗಳಲ್ಲಿ ಯಾವುದಕ್ಕೆ ತೂಗುಹಾಕಿದರೂ ಅದು ನಿಲ್ಲದು. ಹಳೆಯ ಪೇಟಿಯ ದೋಷವು ಹನ್ನೆರಡು ಗೂಟಗಳಾಗಿದ್ದರೆ ಹೊಸದರಲ್ಲಿ ಗೂಟಗಳು ಇಪ್ಪತ್ತೆರಡಾದುವು. ಆದರೂ ದೇವಲರ ಶ್ರಮವು ವ್ಯರ್ಥವೆಂದು ನಾವು ಹೇಳಲಾರೆವು. ಪೇಟಿಯ ಸ್ವರವು ದೈವಲಿಖಿತವಲ್ಲ, ತಿದ್ದಬಹುದಾದುದು ಎಂಬ ಧೈರ್ಯವನ್ನು ಅವರು ವಿದ್ಯಾವಂತರಿಗೆ ಕೊಟ್ಟರು.

ಆ ಧೈರ್ಯವು ಎಲ್ಲರಿಗೂ ಬರಲಿಲ್ಲ. ಪೇಟಿಯನ್ನು ತಿದ್ದುವುದಕ್ಕಿಂತ ಹೊರಗೆ ಹಾಕುವುದೇ ಲೇಸೆಂಬ ಪಕ್ಷವು ಬಲವಾಯಿತು. ರವೀಂದ್ರನಾಥ ಠಾಕೂರರು ಪೇಟಿಯ ಬಳಕೆಯನ್ನು ವಿರೋಧಿಸಿದರು. ಆನಂದ ಕುಮಾರಸ್ವಾಮಿಯವರಿಗೂ ಅದು ಹಿಡಿಸಿರಲಿಲ್ಲ. 1940ನೆಯ ಇಸವಿ ಮಾರ್ಚಿ 1ರಿಂದ ಅಖಿಲ ಭಾರತ ರೇಡಿಯೋದ ಎಲ್ಲ ಕೇಂದ್ರಗಳಲ್ಲಿಯೂ ಹಾರ್ಮೋನಿಯಮ್ಮನ್ನು ನಿಷೇಧಿಸಲಾಯಿತು. ಸ್ವಾತಂತ್ರ್ಯ ಬಂದರೂ ಆ ನಿಷೇಧವು ಹೋಗಲಿಲ್ಲ. 1971ರಲ್ಲಿ ಮಾತ್ರ ಅದನ್ನು ಸಡಿಲಿಸಿದರು. ಮೂವತ್ತು ವರುಷಗಳಿಗೂ ಮಿಕ್ಕಿ ದೇಶದಲ್ಲಿ ಅತಿ ಹೆಚ್ಚು ಬಳಕೆಯಲ್ಲಿದ್ದ ಪಕ್ಕವಾದ್ಯಕ್ಕೆ ಆಕಾಶವಾಣಿಯ ಬಾಗಿಲು ಮುಚ್ಚಿತ್ತೆಂದರೆ ಇಂದಿನವರು ನಂಬಲಿಕ್ಕಿಲ್ಲ. ನಿಷೇಧಿಸಿದವರ ಕಿವಿಯು ಸುಳ್ಳು ಹೇಳಿರಲಿಲ್ಲ. ಅವರು ಕೇಳಿದ ದೋಷವು ನಿಜವಾದುದೇ. ಆದರೆ ರೋಗವನ್ನು ಕಂಡುಹಿಡಿದವರು ಔಷಧವನ್ನು ಹುಡುಕದೆ ರೋಗಿಯನ್ನೇ ಊರಾಚೆಗಟ್ಟಿದರೆಂಬುದು ನಮ್ಮ ಆಕ್ಷೇಪಣೆ. 1940ರಲ್ಲಿ ನಮ್ಮ ಸೀಮೆಯು ನಿಜಾಮರ ಸಂಸ್ಥಾನದಲ್ಲಿದ್ದಿತು. ಹೈದರಾಬಾದಿನ ಡೆಕ್ಕನ್ ರೇಡಿಯೋ ದಿಲ್ಲಿಯ ಆಡಳಿತಕ್ಕೆ ಸೇರಿರಲಿಲ್ಲ. ಅಲ್ಲದೆ ಹಳ್ಳಿಯ ಭಜನೆಯ ಗುಡಿಗೆ ರೇಡಿಯೋದ ಅಪ್ಪಣೆ ಬೇಕಿರಲಿಲ್ಲ. ಪೇಟಿಯು ತನ್ನ ಪಾಡಿಗೆ ತಾನು ನುಡಿಯುತ್ತಿದ್ದಿತು.

ನುಡಿಯುತ್ತಿದ್ದ ಆ ಪೇಟಿಗಳನ್ನು ಸುಸ್ಥಿತಿಯಲ್ಲಿಟ್ಟವರು ಯಾರು? ಇಲ್ಲಿಗೆ ನಾವು ಮೂರನೆಯ ತಿದ್ದುಪಾಟಿಗೆ ಬಂದೆವು. ಮೊದಲನೆಯದನ್ನು ಅಂಗಡಿಯವರು ಮಾಡಿದರು. ಎರಡನೆಯದನ್ನು ಪಂಡಿತರು ಮಾಡಹೋದರು. ಮೂರನೆಯದನ್ನು ಮಾಡಿದವರು ಪೇಟಿ ಮಾಸ್ತರರು, ಬಡಿಗರು, ಭಜನೆಯ ಹಿರಿಯರು. ಇವರ ಉಪಕರಣಗಳು ಒಂದು ಸಣ್ಣ ಅರ, ಒಂದು ಬ್ಲೇಡಿನ ತುಂಡು, ಒಂದು ತಂಬೂರಿ, ಎರಡು ಕಿವಿಗಳು. ಇವರ ವಿದ್ಯೆಯ ಮೂಲಸೂತ್ರವನ್ನು ಎರಡು ಮಾತಿನಲ್ಲಿ ಹೇಳಬಹುದು. ನಾಲಗೆಯ ಸ್ವತಂತ್ರವಾದ ತುದಿಯನ್ನು ಅರದಿಂದ ಕೆರೆದರೆ ತುದಿಯ ತೂಕ ಇಳಿದು ಅದು ಬೇಗಬೇಗ ನಡುಗುವುದು, ಸ್ವರವು ಏರುವುದು. ಬಂಧಿಸಿದ ಬುಡದ ಕಡೆಗೆ ಕೆರೆದರೆ ಬುಡದ ಬಿಗುವು ಸಡಿಲಾಗಿ ಅದು ನಿಧಾನವಾಗಿ ನಡುಗುವುದು, ಸ್ವರವು ಇಳಿಯುವುದು. ಷಡ್ಜವನ್ನು ಹಿಡಿದು ನಿಲ್ಲಿಸಿ, ಗಾಂಧಾರದ ನಾಲಗೆಯ ಬುಡಕ್ಕೆ ಒಂದೆರಡು ಸಲ ಅರ ತಾಗಿಸಿ, ಮತ್ತೆ ಪೇಟಿಯಲ್ಲಿಟ್ಟು ನುಡಿಸಿ, ಅಲೆಯು ನಿಧಾನವಾಯಿತೇ ಎಂದು ಆಲಿಸಬೇಕು; ಹತ್ತು ಅಲೆಗಳು ಐದಾಗಿ, ಐದು ಎರಡಾಗಿ, ಕೊನೆಗೆ ನಿಶ್ಚಲವಾಗುವವರೆಗೆ ಹೀಗೆಯೇ ನಡೆಯಬೇಕು. ಒಂದು ಸ್ವರವು ಧ್ರುವ, ಇನ್ನೊಂದು ಚಲ, ಕಿವಿಯೇ ಪ್ರಮಾಣ. ಶಾರ್ಙ್ಗದೇವನ ಎರಡು ವೀಣೆಗಳ ಕ್ರಮವು ಏಳು ಶತಮಾನಗಳ ಮೇಲೆ ಪೇಟಿ ಮಾಸ್ತರರ ಕೈಯಲ್ಲಿ ಹೀಗೆ ಮರಳಿ ಜೀವತಾಳಿತು. ಅವರಲ್ಲಿ ಹೆಚ್ಚಿನವರು ಆ ಗ್ರಂಥದ ಹೆಸರನ್ನು ಕೇಳಿದ್ದರೋ ಇಲ್ಲವೋ. ಗ್ರಂಥವು ಹೇಳಿದ ಕೆಲಸವನ್ನಂತೂ ಮಾಡಿದರು.

ಈ ತಿದ್ದುಪಾಟಿಗೂ ಬೆಲೆ ತೆರಬೇಕು. ಒಂದು ಷಡ್ಜಕ್ಕೆ ತಿದ್ದಿದ ಪೇಟಿಯು ಬೇರೆ ಷಡ್ಜಕ್ಕೆ ಮೊದಲಿಗಿಂತಲೂ ಹೆಚ್ಚು ಕೆಟ್ಟುಹೋಗುವುದು. ಒಬ್ಬನೇ ಗಾಯಕನೊಡನೆ ನುಡಿಸುವವನಿಗೆ ಇದು ತೊಂದರೆಯಲ್ಲ. ಕಂಪನಿ ನಾಟಕದ ಮಾಸ್ತರನ ಪಾಡು ಬೇರೆ. ಕೃಷ್ಣನ ಪಾತ್ರದವನು ಬಿಳಿ ಪಟ್ಟಿಯಲ್ಲಿ ಹಾಡಿದರೆ ರುಕ್ಮಿಣಿಯ ಪಾತ್ರದವನು ಕರಿ ಪಟ್ಟಿಯಲ್ಲಿ ಹಾಡುವನು; ಒಂದೇ ರಾತ್ರಿಯಲ್ಲಿ ಐದಾರು ಷಡ್ಜಗಳು. ಆದುದರಿಂದ ರಂಗದ ಮುಂದಿನ ಕಾಲುಪೇಟಿಯು ಯೂರೋಪಿನ ರಾಜಿಯನ್ನೇ ಉಳಿಸಿಕೊಂಡಿತು. ಕಚೇರಿಯ ಕೈಪೇಟಿಯು ಶುದ್ಧಸ್ವರದ ಕಡೆಗೆ ಒಲಿಯಿತು. ಯಾವುದು ಸರಿಯೆಂಬ ವಾದವು ಇಲ್ಲಿ ಸಲ್ಲದು. ಯಾರಿಗಾಗಿ ನುಡಿಯಬೇಕೆಂಬುದರ ಮೇಲೆ ತಿದ್ದುಪಾಟು ನಿಲ್ಲುವುದು. ಪರದೇಶದ ಪೇಟಿಯು ನಮ್ಮಲ್ಲಿ ಎರಡು ಮನೆ ಹೂಡಿ ಎರಡು ಬಗೆಯಾಗಿ ಬಾಳಿತೆಂಬುದೇ ಅದು ಇಲ್ಲಿ ಬೇರು ಬಿಟ್ಟುದಕ್ಕೆ ಗುರುತು. ಇಂದು ನಾಲಗೆಗಳಿಗಾಗಿ ಜರ್ಮನಿ, ಪ್ಯಾರಿಸುಗಳ ಬಾಗಿಲನ್ನು ಕಾಯಬೇಕಾಗಿಲ್ಲ. ಗುಜರಾತದ ಪಾಲಿತಾಣದಲ್ಲಿ ಅವನ್ನು ಮಾಡುತ್ತಾರೆ.

ತಿದ್ದಲಾಗದ ಒಂದು ದೋಷವೂ ಉಂಟು. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಪೇಟಿಗೆ ಮೀಂಡ್ ಇಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಗಾಯಕನು ಜಾರಿ ಹೋಗುವನು; ಪೇಟಿಯು ಮೆಟ್ಟಲು ಹತ್ತಿ ಹೋಗುವುದು. ಇದನ್ನು ಅರವು ಗೆಲ್ಲಲಾರದು. ಆದರೆ ಕೈಯು ಬಹುಮಟ್ಟಿಗೆ ಗೆದ್ದಿತು. ಕೊಲ್ಹಾಪುರದ ಗೋವಿಂದರಾವ್ ಟೇಂಬೆ, ಬೆಳಗಾವಿಯ ವಿಠ್ಠಲರಾವ್ ಕೋರೆಗಾಂವಕರ, 2010ರವರೆಗೆ ಬಾಳಿದ ರಾಂಭಾವು ವಿಜಾಪುರೆ ಮೊದಲಾದವರು ತಿದಿಯ ಒತ್ತಡವನ್ನು ಉಸಿರಿನಂತೆ ಏರಿಳಿಸಿ, ಬೆರಳುಗಳನ್ನು ಪಟ್ಟಿಯಿಂದ ಪಟ್ಟಿಗೆ ನೀರಿನಂತೆ ಹರಿಸಿ, ಮೆಟ್ಟಲುಗಳಿರುವುದೇ ಮರೆಯುವಂತೆ ನುಡಿಸಿದರು. ನಾಗಪುರದ ಮನೋಹರ ಚಿಮೋಟೆಯವರು ಪೇಟಿಗೆ ಸ್ವರಮಂಡಲದ ತಂತಿಗಳನ್ನು ಕೂಡಿಸಿ ಸಂವಾದಿನಿಯೆಂದು ಹೆಸರಿಟ್ಟರು. ಈ ಶತಮಾನದಲ್ಲಿ ಡಾಕ್ಟರ್ ವಿದ್ಯಾಧರ ಓಕರು ಒಂದೊಂದು ಪಟ್ಟಿಗೂ ಗುಂಡಿಯನ್ನಿಟ್ಟು, ರಾಗಕ್ಕೆ ತಕ್ಕ ಶ್ರುತಿಯನ್ನು ಆರಿಸಿಕೊಳ್ಳುವಂತೆ ಇಪ್ಪತ್ತೆರಡು ಶ್ರುತಿಗಳ ಪೇಟಿಯನ್ನು ಮಾಡಿದರು. ದೇವಲರ ಕನಸು ಶತಮಾನದ ತರುವಾಯ ಹೀಗೆ ಇನ್ನೊಂದು ರೂಪದಿಂದ ಬಂದಿತು. ಕೆಲಸವು ಇನ್ನೂ ಮುಗಿದಿಲ್ಲ.

ಇನ್ನು ಹುಮನಾಬಾದಿಗೆ ಬರೋಣ. ಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರ ದತ್ತಜಯಂತಿಯಂದು ಹುಟ್ಟಿದ ಮಾಣಿಕಪ್ರಭುಗಳು ಕಲ್ಯಾಣದಲ್ಲಿ ಬೆಳೆದು, ಮುಂದೆ ಹುಮನಾಬಾದಿನ ಬಳಿ ಮಾಣಿಕನಗರವನ್ನು ನೆಲೆಗೊಳಿಸಿ, 1865ರಲ್ಲಿ ಅಲ್ಲಿಯೇ ಸಮಾಧಿಸ್ಥರಾದರು. ಅವರು ಸಾರಿದ ಸಕಲಮತ ಸಂಪ್ರದಾಯವು ಯಾವ ಮತವನ್ನೂ ಹೊರಗೆ ನಿಲ್ಲಿಸಲಿಲ್ಲ. ಅವರ ಪದಗಳೂ ಒಂದೇ ಭಾಷ್ಯೆಗೆ ಕಟ್ಟುಬೀಳಲಿಲ್ಲ. ಮರಾಠಿ, ಹಿಂದೀ, ಕನ್ನಡ ಮೊದಲಾದ ಹಲವು ನುಡಿಗಳಲ್ಲಿ ಹರಿದುವು. ದತ್ತಜಯಂತಿಯ ಉತ್ಸವದ ದರಬಾರಿನಲ್ಲಿ ಸಂಗೀತಗಾರರು ಬಂದು ಸೇವೆ ಸಲ್ಲಿಸುವ ಪದ್ಧತಿಯು ಅಲ್ಲಿ ನಡೆದುಬಂದಿದೆ. ಪ್ರಭುಗಳ ಕಾಲದಲ್ಲಿ ಕೈಪೇಟಿಯು ಹುಟ್ಟಿಯೇ ಇರಲಿಲ್ಲ. ಆದರೂ ಪದಗಳು ನಾನಾ ನುಡಿಗಳಲ್ಲಿ ಹಾಡಲ್ಪಡುವ ಇಂತಹ ಸೀಮೆಯಲ್ಲಿ ಹುಟ್ಟೂರನ್ನು ನೆವಮಾಡಿ ಒಂದು ವಾದ್ಯವನ್ನು ಹೊರಗಿಡುವುದು ಶೋಭಿಸದು. ಶ್ರುತಿಗೆ ಕೂಡಿದರೆ ಒಳಗೆ, ಕೂಡದಿದ್ದರೆ ಕೂಡುವಂತೆ ತಿದ್ದುವುದು. ನಮ್ಮ ಭಜನೆಯ ಹಿರಿಯರು ಈ ನ್ಯಾಯದಿಂದಲೇ ನಡೆದುಕೊಂಡಂತೆ ಕಾಣುವುದು. ಇದಕ್ಕೂ ಮೊದಲು ಇದೇ ಕಲ್ಯಾಣದಲ್ಲಿ ಬಸವಣ್ಣನವರು ತಮ್ಮ ಒಂದು ವಚನದಲ್ಲಿ ತಮ್ಮ ದೇಹವನ್ನೇ ದಂಡಿಗೆಯಾಗಿಯೂ, ತಲೆಯನ್ನು ಸೋರೆಯಾಗಿಯೂ, ನರಗಳನ್ನು ತಂತಿಗಳಾಗಿಯೂ ಮಾಡಿ ನುಡಿಸೆಂದು ಕೂಡಲಸಂಗಮದೇವನನ್ನು ಬೇಡಿದ್ದರು. ವಾದ್ಯವು ದೊಡ್ಡದಾಗುವುದು ಅದರ ಹುಟ್ಟಿನಿಂದಲ್ಲ, ನುಡಿಸುವವನಿಗೆ ಅದು ಒಪ್ಪಿಸಿಕೊಳ್ಳುವುದರಿಂದ ಎಂಬ ಅರ್ಥವು ಅದರಿಂದ ನಮಗೆ ಹೊಳೆಯುವುದು.

ಈಗ ಹುಡುಗನ ಮೌತ್ ಆರ್ಗನ್ನಿನ ಉಳಿದ ಕಥೆ. ಇಪ್ಪತ್ತು ನಾಲಗೆಗಳೂ ಮಾತನಾಡಿದ ಮೇಲೆ ಹಿರಿಯರು ಷಡ್ಜವನ್ನೂದಿಸಿ ಗಾಂಧಾರವನ್ನು ಸರಿಮಾಡಿದರು. ಅಲೆಯಡಗಿದಾಗ ಹುಡುಗನು ನಕ್ಕನು. ಅದನ್ನು ಕಂಡು ನಮಗೂ ಉತ್ಸಾಹವುಕ್ಕಿತು. ಅರವನ್ನು ನಾವು ಕೈಗೆ ತೆಗೆದುಕೊಂಡು ಮೇಲಿನ ಸಪ್ತಕದ ಒಂದು ನಾಲಗೆಯ ಬುಡವನ್ನು ಕೆರೆದೆವು. ಸ್ವರವು ಸ್ವಲ್ಪ ಇಳಿಯಿತು. ಇನ್ನೂ ಸ್ವಲ್ಪವೆಂದು ಮತ್ತೆ ಕೆರೆದೆವು. ನಾಲಗೆಯು ಬುಡದಲ್ಲಿ ಮುರಿದು ಕೈಗೆ ಬಂದಿತು. ಹಿರಿಯರು ಗದರಿಸಲಿಲ್ಲ. "ತಗದದ್ದು ತಿರುಗಿ ಬರೂದಿಲ್ಲ, ನೋಡ್ರಿ. ಅದಕ್ಕ ಕೆರೆಯೂದು ಕಡಿಮಿ, ಕೇಳೂದು ಹೆಚ್ಚು" ಎಂದರು. ಹುಡುಗನು ಈಗಲೂ ಅದನ್ನು ನುಡಿಸುತ್ತಾನೆ. ಆ ಮೂಕವಾದ ಗೂಡು ಬಂದಾಗ ಒಂದು ಕ್ಷಣ ನಿಂತು ಮುಂದಕ್ಕೆ ಹಾಯುತ್ತಾನೆ. ಆ ನಿಲುಗಡೆಯು ನಮ್ಮ ಅವಸರದ ಫಲ.

ಆ ಹಿರಿಯರು ಈಗಿಲ್ಲ. ಅವರ ವಿದ್ಯೆಯು ಯಾವ ಪುಸ್ತಕದಲ್ಲಿಯೂ ಇಲ್ಲ; ಅವರ ಅರವನ್ನು ಯಾರೊಯ್ದರೋ ತಿಳಿಯದು. ವಿದ್ಯುತ್ ತಂಬೂರಿಯೂ ತಂತಾನೇ ನುಡಿಯುವ ಯಂತ್ರಗಳೂ ಭಜನೆಯ ಗುಡಿಗಳಿಗೆ ಬಂದಿವೆ. ಕೆಟ್ಟ ಪೇಟಿಯು ಅಟ್ಟ ಸೇರುತ್ತಿದೆ. ದೇವಲರ ಹೆಸರು ಪುಸ್ತಕಗಳಲ್ಲಿ ಉಳಿದುಕೊಂಡಿತು. ನಮ್ಮ ಹಳ್ಳಿಹಳ್ಳಿಗಳಲ್ಲಿ ಪೇಟಿಯ ನಾಲಗೆಯನ್ನು ತಿದ್ದಿದವರ ಹೆಸರುಗಳು ಅವರನ್ನು ಕಂಡವರ ನೆನಪಿನಲ್ಲಿ ಮಾತ್ರ ಇವೆ. ಆ ನೆನಪುಗಳೂ ಮುದಿಯಾಗುತ್ತಿವೆ. ಬಸವಕಲ್ಯಾಣ, ಹುಮನಾಬಾದ ತಾಲ್ಲೂಕುಗಳ ವಾಚಕರಲ್ಲಿ ನಮ್ಮದೊಂದು ವಿನಂತಿ. ತಮ್ಮೂರ ಭಜನಾಮಂಡಳಿಯ ಪೇಟಿಯು ಎಂದು ಬಂದಿತು, ಎಲ್ಲಿಂದ ಬಂದಿತು, ಅದನ್ನು ಯಾರು ತಿದ್ದುತ್ತಿದ್ದರು, ಯಾವ ಷಡ್ಜಕ್ಕೆ ಕೂಡಿಸುತ್ತಿದ್ದರು ಎಂಬುದನ್ನು ಹಿರಿಯರಿಂದ ಕೇಳಿ ಬರೆದು ಸಂಘಕ್ಕೆ ಕಳುಹಿಸಬೇಕು. ಸಾಧ್ಯವಾದರೆ ಅಟ್ಟದ ಮೇಲಿನ ಪೇಟಿಯನ್ನು ಕೆಳಗಿಳಿಸಿ, ಧೂಳೊರಸಿ, ಒಮ್ಮೆ ಷಡ್ಜವನ್ನು ಹಿಡಿದು ನೋಡಬೇಕು. ಅರವನ್ನು ಮಾತ್ರ ಅವಸರದಿಂದ ಮುಟ್ಟಬಾರದು.